ಬಿಆರ್‌ಬಿ, ಅಂದರೆ ಈಗ ಬಂದೆ

ಇಂಟರ್ನೆಟ್ಟಿನ ಮಾತುಗಳಲ್ಲಿ ನನಗೆ ನೆಟ್ಟಗೆ ಬರುವುದು ಒಂದೇ. ಉಳಿದವು ಕೈಗೆ ಹತ್ತಲಿಲ್ಲ. ನಮ್ಮ ಅಂಗನವಾಡಿ ಕಾರ್ಯಕರ್ತೆಯರ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಜಿಎಂ, ಕತ್ತಲಾದರೆ ಜಿಎನ್, ಯಾರಿಗಾದರೂ ಜ್ವರ ಬಂದರೆ ಟಿಸಿ. ಟಿಸಿ ಎಂದರೆ ಶಾಲೆ ಬಿಡುವಾಗ ಕೊಡುವ ಕಾಗದ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಒಮ್ಮೆ ನನಗೆ ಮೈ ಹುಷಾರಿಲ್ಲದಾಗ ಮೇಲಿನವರು ಟಿಸಿ ಎಂದು ಬರೆದರು. ಕೆಲಸದಿಂದ ಬಿಡಿಸಿದರೇನೋ ಎಂದು ಅವತ್ತು ನನಗೆ ಊಟ ಸೇರಲಿಲ್ಲ. ಟೇಕ್ ಕೇರ್, ಅಂದರೆ ಜೋಪಾನ ಎಂಬ ಮಾತನ್ನು ಎರಡಕ್ಷರಕ್ಕೆ ಇಳಿಸಿದರೆ ಹೀಗೆಯೇ ಆಗುವುದು.

ನನಗೆ ಬರುವ ಆ ಒಂದು ಮಾತು ಬಿಆರ್‌ಬಿ. ಬಿ ರೈಟ್ ಬ್ಯಾಕ್ ಎಂಬ ಇಂಗ್ಲಿಷ್ ಮಾತಿನ ಮೊದಲ ಅಕ್ಷರಗಳು. ಫೋನಿನಲ್ಲಿ ಬರೆದು ಮಾತಾಡುತ್ತಿರುವಾಗ ನಡುವೆ ಎದ್ದು ಹೋಗಬೇಕಾದರೆ ಇದನ್ನು ಬರೆದು ಹೋಗುತ್ತಾರೆ. ಈಗ ಬಂದೆ, ಅಲ್ಲೇ ಇರು, ಮಾತು ಇನ್ನೂ ಮುಗಿದಿಲ್ಲ ಎಂಬಷ್ಟೂ ಅದರಲ್ಲಿ ಬಂತು. ಎಲ್ಲಿಗೆ, ಯಾಕೆ ಎಂದು ಹೇಳಬೇಕಾಗಿಲ್ಲ. ಒಲೆಯ ಮೇಲೆ ಹಾಲು ಉಕ್ಕಿರಬಹುದು, ಬಾಗಿಲಿಗೆ ಯಾರೋ ಬಂದಿರಬಹುದು. ಓದಿದವರು ಕೇಳುವುದೂ ಇಲ್ಲ, ಕಾಯುತ್ತಾರೆ. ನನ್ನ ತಂಗಿ ಲೀಲಾ ಇದನ್ನು ಬರೆದರೆ ಮಾತ್ರ ಕಾರಣ ಯಾವಾಗಲೂ ಒಂದೇ. ಗಾಡಿ ಬಿಡುವ ಹೊತ್ತಾಯಿತು.

ಲೀಲಾ ಬಸ್ಸಿನ ಕಂಡಕ್ಟರ್ ಆಗಿದ್ದಳು. ನಾನಿರುವುದು ಆಳಂದದಲ್ಲಿ. ಅವಳನ್ನು ಕೊಟ್ಟದ್ದು ಜೇವರ್ಗಿಗೆ. ಮೊದಲು ಕೆಲವು ವರ್ಷ ಅಫಜಲಪುರದಿಂದ ಗಾಡಿ ಮೇಲೆ ಹೋಗುತ್ತಿದ್ದಳು. ಆಮೇಲೆ ಮನೆಯ ಹತ್ತಿರವೇ ಆಯಿತು, ಜೇವರ್ಗಿಯಿಂದ ಯಡ್ರಾಮಿಗೆ, ಯಡ್ರಾಮಿಯಿಂದ ಜೇವರ್ಗಿಗೆ. ಗಾಡಿ ಓಡುವಾಗ ಅವಳು ಫೋನು ಮುಟ್ಟುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ನಿಂತ ಹತ್ತು ಹದಿನೈದು ನಿಮಿಷವೇ ನಮ್ಮಿಬ್ಬರದು. ಅಷ್ಟರಲ್ಲಿ ನಾವು ಊರೆಲ್ಲ ಸುತ್ತಿ ಬರುತ್ತಿದ್ದೆವು.

‘ಅಕ್ಕ, ಏನ್ ಮಾಡಾಕತ್ತಿ’ ಎಂದು ಬರುತ್ತಿತ್ತು.

‘ಹುಡುಗರಿಗಿ ಉಪ್ಪಿಟ್ಟು ಹಾಕಾಕತ್ತೇನಿ.’

‘ಸರ್ಕಾರಿ ಉಪ್ಪಿಟ್ಟು ನೀನೂ ತಿನ್ನು. ಅದಕ್ಕs ನಿನ್ನ ಗಲ್ಲ ತುಂಬ್ಯಾವ.’

‘ನೀ ಟಿಕೇಟ್ ಹರಿ, ನನ್ನ ಗಲ್ಲ ಬಿಡು.’

‘ಈಗ ಹರಿಯೂದಿಲ್ಲ ಅಕ್ಕ, ಮಷಿನ್ ಬಂದಾವ. ಕೇಳಿಲ್ಲಿ, ನಿನ್ನೆ ಒಬ್ಬಾಕಿ ಕೋಳಿ ಮಡಲಾಗ ಇಟಗೊಂಡು’

ಕೋಳಿ ಅಲ್ಲಿಗೇ ನಿಂತುಬಿಡುತ್ತಿತ್ತು. ಅದರ ಕೆಳಗೆ ಬಿಆರ್‌ಬಿ. ಇತ್ತ ನಾನು ಮಕ್ಕಳ ಕೈ ತೊಳೆಸಿ, ಚಾಪೆ ಹಾಸಿ, ಮಲಗಿಸಿ, ಆ ಕೋಳಿಗೆ ಟಿಕೇಟು ತೆಗೆಸಿದರೋ ಇಲ್ಲವೋ ಎಂದು ಯೋಚಿಸುತ್ತ ಕೂಡುತ್ತಿದ್ದೆ. ಗಾಡಿ ಯಡ್ರಾಮಿ ಮುಟ್ಟಿದ ಮೇಲೆ ಮತ್ತೆ ಫೋನು ಗುಂಯ್ ಎನ್ನುತ್ತಿತ್ತು. ‘ಹ್ಞೂಂ, ಎಲ್ಲಿಗಿ ಬಂದಿತ್ತು’ ಎಂದು ಬರೆಯುತ್ತಿದ್ದಳು. ನಾನು ‘ಕೋಳಿ’ ಎಂದರೆ ಸಾಕು, ಅಲ್ಲಿಂದಲೇ ಹಿಡಿದು ಹೇಳುತ್ತಿದ್ದಳು.

ಮೊದಲ ಸಲ ಆ ಮೂರಕ್ಷರ ಬಂದಾಗ ಯಾವುದೋ ಸ್ಟಾಪಿನ ಗುರುತು ಎಂದುಕೊಂಡೆ. ನಮ್ಮ ಇಲಾಖೆಯಲ್ಲಿ ಪ್ರತಿಯೊಂದಕ್ಕೂ ಮೂರೋ ನಾಲ್ಕೋ ಅಕ್ಷರದ ಹೆಸರುಗಳಿವೆ. ಅವಳ ಇಲಾಖೆಯಲ್ಲೂ ಇರಬೇಕು ಎಂದು ಸುಮ್ಮನಾದೆ. ಅರ್ಥ ಕೇಳಲು ನಾಚಿಕೆ. ಪಂಚಮಿಗೆ ಬಂದಾಗ ಎದುರಿಗೇ ಕೇಳಿದೆ. ಅವಳು ಉಂಡಿ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ನಕ್ಕಳು.

“ಮಂದಿ ಹುಡುಗರಿಗಿ ಅಕ್ಷರ ಕಲಸಾಕಿ ನೀನು. ನಿನಗ ಯಾರು ಕಲಸಬೇಕು? ನಮ್ಮ ಅಕ್ಷತಾನ ಹತ್ರ ಟ್ಯೂಷನ್ ಹಚ್ಚು. ನನಗೂ ಅಕಿನೇ ಕಲಿಸ್ಯಾಳ.”

ಅಕ್ಷತಾ ಅವಳ ಒಬ್ಬಳೇ ಮಗಳು. ಆಗ ಏಳನೆಯ ತರಗತಿ. ಈಗ ಹತ್ತನೆಯದು.

ಅರ್ಥ ತಿಳಿದ ಮೇಲೆ ನನಗೆ ಅನ್ನಿಸಿದ್ದು, ಇದರಲ್ಲಿ ಹೊಸದೇನಿದೆ ಎಂದು. ನಮ್ಮ ಕಡೆ ಹೊಸ್ತಿಲು ದಾಟುವ ಯಾರೂ ಹೋಗ್ತೇನಿ ಎನ್ನುವುದಿಲ್ಲ. ಬರ್ತೇನಿ ಎನ್ನುತ್ತಾರೆ. ಬೆನ್ನು ತಿರುಗಿಸಿ ನಡೆಯುತ್ತಲೇ ಬರ್ತೇನಿ ಎನ್ನುವುದು ಹೊರಗಿನವರಿಗೆ ವಿಚಿತ್ರ ಕಾಣಬಹುದು. ಮರೆತು ಹೋಗ್ತೇನಿ ಎಂದರೆ ಹಿರಿಯರು ಕೂಗಿ ಕರೆದು ತಿದ್ದಿಸಿಯೇ ಕಳಿಸುತ್ತಿದ್ದರು. ನಮ್ಮ ಪಕ್ಕದ ಮನೆಯ ಖೈರುನ್ ಆಪಾನನ್ನು ಒಮ್ಮೆ ಕೇಳಿದೆ, ನಿಮ್ಮಲ್ಲಿ ಹೇಗೆ ಎಂದು. ಆಪಾ ಮನೆಯಲ್ಲಿ ಉರ್ದು, ಕಟ್ಟೆಯ ಮೇಲೆ ಕನ್ನಡ.

“ನಮ್ದೂ ಅದೇ ಅದ ಜಗದೇವಿ. ಜಾಕೆ ಆತೂಂ, ಹೋಗಿ ಬರ್ತೇನಿ ಅಂತೇವು. ಬರೇ ಜಾತೂಂ ಅಂದ್ರ ನಮ್ಮ ಅಮ್ಮಿ ಚಪ್ಪಲಿ ತಗೋತಿದ್ದಳು.”

ಗಡಿಯಾಚೆ ಮರಾಠಿಯವರೂ ಹೊರಡುವಾಗ ಯೇತೋ ಎನ್ನುತ್ತಾರೆ. ಅದೂ ಬರ್ತೇನೆ ಎಂದೇ. ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರೆ ಮೂರು ಭಾಷೆಯ ಜನ ಮೂರು ದಿಕ್ಕಿಗೆ ಹೋಗುತ್ತಾ ಬರ್ತೇವೆ ಎನ್ನುವುದು ಕೇಳುತ್ತದೆ. ಎಲ್ಲಿಯದೋ ದೇಶದ ಹುಡುಗರು ಕಂಪ್ಯೂಟರಿನ ಮುಂದೆ ಕೂತು ಇದನ್ನೇ ಮೂರಕ್ಷರ ಮಾಡಿಕೊಂಡರು. ಪಾಪ, ಅವರಿಗೂ ಹೋಗ್ತೇನೆ ಎನ್ನಲು ಮನಸ್ಸಾಗಿರಲಿಕ್ಕಿಲ್ಲ.

ನನ್ನ ಕೆಲಸವೂ ಬಹುಮಟ್ಟಿಗೆ ಈ ಮಾತು ಹೇಳುವುದೇ. ಹೊಸದಾಗಿ ಅಂಗನವಾಡಿಗೆ ಬಂದ ಮಗುವನ್ನು ತಾಯಿ ಕೆಳಗಿಳಿಸಿ, ಅದು ಆಟಿಕೆ ನೋಡುವಷ್ಟರಲ್ಲಿ ಹಿಂದಿನಿಂದ ಜಾರಿಕೊಳ್ಳುತ್ತಾಳೆ. ಮಗು ತಿರುಗಿ ನೋಡುತ್ತದೆ. ಆ ವಯಸ್ಸಿಗೆ ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ. ಆಗ ನಾನು ಎತ್ತಿಕೊಂಡು, ಅವ್ವ ಈಗ ಬರ್ತಾಳ, ಈಗ ಬರ್ತಾಳ ಎಂದು ಬೆನ್ನು ತಟ್ಟುತ್ತೇನೆ. ಒಂದು ದಿನಕ್ಕೆ ಇಪ್ಪತ್ತು ಸಲವಾದರೂ ಹೇಳುತ್ತೇನೆ. ನಾಲ್ಕೈದು ದಿನ ಅತ್ತು, ಅವ್ವ ದಿನವೂ ಮಧ್ಯಾಹ್ನ ಬಂದೇ ಬರುವುದನ್ನು ಕಂಡು, ಆರನೆಯ ದಿನ ಮಗು ಅಳುವುದನ್ನು ಬಿಡುತ್ತದೆ. ಅದಕ್ಕೆ ನಾನು ಕಲಿಸುವ ಮೊದಲ ಪಾಠ ಅದು. ಅಕ್ಷರ, ಅಂಕಿ, ಹಣ್ಣಿನ ಹೆಸರು ಎಲ್ಲ ಆಮೇಲೆ.

ಕಳೆದ ಬೇಸಿಗೆ ಮುಗಿಯುವ ಹೊತ್ತಿಗೆ ಲೀಲಾಗೆ ಜ್ವರ ಬಂತು. ಎರಡು ದಿನ ಮಾತ್ರೆ ನುಂಗಿ ಡ್ಯೂಟಿ ಮಾಡಿದಳು. ಮೂರನೆಯ ದಿನ ಉಸಿರಾಟಕ್ಕೆ ತ್ರಾಸಾಗಿ ಕಲಬುರಗಿಯ ದವಾಖಾನೆಗೆ ಸೇರಿಸಿದರು. ಎಂಟು ದಿನ ಇದ್ದಳು. ಕತೆಯಾಗಿದ್ದರೆ ಅವಳು ನನಗೆ ಬರೆದ ಕೊನೆಯ ಮಾತು ಬಿಆರ್‌ಬಿ ಆಗಿರುತ್ತಿತ್ತು. ಅದಲ್ಲ. ‘ಅಕ್ಕ ಟಾವೆಲ್ ಎರಡು ತಗೊಂಬಾ, ಇಲ್ಲೀವು ಚುಚ್ಚತಾವ’ ಎಂಬುದು ಕೊನೆಯದು. ತೆಗೆದುಕೊಂಡು ಹೋದೆ. ಒಂದನ್ನು ಬಳಸಿದಳು.

ಜೇವರ್ಗಿಯ ಹೊರಗೆ ಅವರ ಹೊಲದಲ್ಲಿಯೇ ಮಣ್ಣು ಮಾಡಿದರು. ಅಂದೋಲಾ ಕಡೆಯ ಅಯ್ಯನವರೊಬ್ಬರು ಬಂದಿದ್ದರು. ವಿಭೂತಿ ಇಟ್ಟು, ನಮ್ಮ ಕಡೆ ತಿರುಗಿ, “ಹ್ವಾದಳು ಅನಬ್ಯಾಡ್ರಿ ತಾಯಿ, ಲಿಂಗದಾಗ ಕೂಡಿದಳು ಅನ್ರಿ” ಎಂದರು. ಅಂದರೆ ಅಲ್ಲಿಯೂ ಹೋಗುವ ಮಾತು ಆಡಬಾರದು. ಆ ಕ್ಷಣದಲ್ಲಿ ನನಗೆ ಎರಡೂ ಒಂದೇ ಆಗಿತ್ತು. ಅಯ್ಯನವರು ಹೇಳಿದಂತೆ ಅಂದೆ.

ಇಲ್ಲಿ ಒಂದು ಕಟ್ಟಳೆ ಹೇಳಬೇಕು. ಎಲ್ಲ ಮನೆಯಿಂದಲೂ ಬರ್ತೇನಿ ಎಂದು ಹೊರಡುವ ನಾವು ಒಂದು ಮನೆಯಿಂದ ಮಾತ್ರ ಹಾಗೆ ಹೊರಡುವುದಿಲ್ಲ. ಸಾವಾದ ಮನೆಗೆ ಮಾತಾಡಿಸಲು ಹೋದವರು ಎದ್ದು ಸುಮ್ಮನೆ ನಡೆದುಬಿಡಬೇಕು. ಬರ್ತೇನಿ ಎಂದರೆ ಇನ್ನೊಂದು ಸಾವಿಗೆ ಬರುತ್ತೇನೆ ಎಂದಂತೆ. ಮನೆಯವರೂ ಹೋಗಿ ಬಾ ಎನ್ನುವುದಿಲ್ಲ. ಅಲ್ಲಿಂದ ಏನನ್ನೂ ಕೈಯಲ್ಲಿ ಹಿಡಿದು ಬರುವುದಿಲ್ಲ. ನಮ್ಮ ಶರಣರ ದಾರಿಯಲ್ಲಿ ಸೂತಕವೇ ಇಲ್ಲ ಎಂದು ಗಂಡಸರು ಕಟ್ಟೆಯ ಮೇಲೆ ಕೂತು ಹೇಳುತ್ತಾರೆ. ನಿಜವೇ ಇರಬೇಕು. ಒಳಗೆ ಹೆಂಗಸರು ಕೂತ ಕಡೆ ಅದು ಸ್ವಲ್ಪ ಉಳಿದಿದೆ.

ಇದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಎಷ್ಟು ಮನೆಗಳಿಂದ ಹಾಗೆ ಸುಮ್ಮನೆ ಎದ್ದು ಬಂದಿದ್ದೇನೋ ಲೆಕ್ಕವಿಲ್ಲ. ಆದರೆ ಮೂರನೆಯ ದಿನ ಲೀಲಾನ ಮನೆಯಿಂದ ಹೊರಡುವಾಗ, ಬಾಗಿಲಾಚೆಯ ಕಟ್ಟೆಯ ಮೇಲೆ ನಿಂತು ಚಪ್ಪಲಿ ಮೆಟ್ಟುತ್ತ, ಅವಳ ಅತ್ತೆ ಗುರುಬಾಯಿಯ ಕಡೆ ನೋಡಿ, “ಬರ್ತೇನ್ರಿ ಅವ್ವಾರೆ” ಎಂದುಬಿಟ್ಟೆ.

ಅದು ನನಗೆ ಸಾವಿನ ಮನೆ ಎಂದು ಇನ್ನೂ ತಲೆಗೆ ಹತ್ತಿರಲಿಲ್ಲ. ಅದು ಲೀಲಾನ ಮನೆ. ಅಲ್ಲಿಂದ ನಾನು ಯಾವಾಗಲೂ ಹಾಗೆಯೇ ಹೊರಟದ್ದು.

ಒಳಗೆ ಕೂತಿದ್ದ ಹೆಂಗಸರು ನನ್ನ ಕಡೆ ತಿರುಗಿದರು. ಒಬ್ಬಾಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಗುರುಬಾಯಿ ಅವ್ವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು.

“ಮತ್ತ್ಯಾಕ ಬರ್ತಿ ಬೇ? ಇನ್ನ್ಯಾರನ್ನ ಮಣ್ಣಿಗಿ ಕೊಡ್ಲಾಕ ಬರ್ತಿ? ನನಗಂತೂ ಸಾವು ಕರಿಯೂದಿಲ್ಲ. ಈ ಕೂಸಿಗೇನಾರ ಆದ್ರ?”

ಕೂಸು ಎಂದರೆ ಅಕ್ಷತಾ. ಅವಳು ಕಂಬಕ್ಕೆ ಒರಗಿ ನಿಂತಿದ್ದಳು. ನಾನು ತಪ್ಪಾತ್ರಿ ಎಂದು ಹೇಳುವುದರೊಳಗೆ ಯಾರೋ ನನ್ನ ತೋಳು ಹಿಡಿದು ಅಂಗಳಕ್ಕೆ ಇಳಿಸಿದರು.

ಇಷ್ಟರಲ್ಲೇ ಮುಗಿದಿದ್ದರೆ ಕಾಲ ಕಳೆದಂತೆ ಮರೆಯುತ್ತಿತ್ತೋ ಏನೋ. ತಿಂಗಳು ತುಂಬುವುದರೊಳಗೆ ಅಕ್ಷತಾಗೂ ಜ್ವರ ಬಂತು. ಐದು ದಿನಕ್ಕೆ ವಾಸಿಯಾಯಿತು. ಆದರೆ ಆ ಐದು ದಿನ ಆ ಮನೆಯಲ್ಲಿ ಹೇಗೆ ಕಳೆದಿರಬೇಕು ಎಂದು ನಾನು ಊಹಿಸಬಲ್ಲೆ. ಲೀಲಾನ ಗಂಡ ಬಸಣ್ಣ ಮೋಟಾರು ರಿಪೇರಿ ಮಾಡುವವನು, ಮಾತು ಕಡಿಮೆ. ಅವನೇ ಫೋನು ಮಾಡಿದ.

“ಅಕ್ಕಾರೆ, ತಪ್ಪು ತಿಳಕೋಬ್ಯಾಡ್ರಿ. ಅವ್ವನ ಮನಸ್ಸು ತಿಳಿ ಆಗೋತನಕ ಈ ಕಡಿ ಬರೂದು ಬ್ಯಾಡ.”

“ಕೂಸು ಹ್ಯಾಂಗದ ಬಸಣ್ಣ?”

“ಅದಾಳ್ರಿ. ಉಣ್ತಾಳ. ಮಾತಾಡೂದಿಲ್ಲ.”

ನನಗೆ ಮಕ್ಕಳಿಲ್ಲ. ದವಾಖಾನೆಯಲ್ಲಿ ಲೀಲಾ ಮುಖದ ಮೇಲಿನ ಮಾಸ್ಕು ಸರಿಸಿ, ಅಕ್ಷತಾನ ಕಡಿ ನೋಡು ಅಕ್ಕ ಎಂದು ಒಮ್ಮೆ, ಒಮ್ಮೆಯೇ ಹೇಳಿದ್ದಳು. ಈಗ ನನ್ನ ಒಂದು ಮಾತಿನಿಂದ ಆ ಬಾಗಿಲು ಮುಚ್ಚಿತ್ತು. ಆ ಜೂನಿನಲ್ಲಿ ಅಂಗನವಾಡಿಗೆ ಹೊಸ ಮಕ್ಕಳು ಬಂದವು, ಅತ್ತವು. ಎತ್ತಿಕೊಂಡೆ, ಬೆನ್ನು ತಟ್ಟಿದೆ. ಅವ್ವ ಈಗ ಬರ್ತಾಳ ಎಂದು ಹೇಳಲು ಬಾಯಿ ಬರಲಿಲ್ಲ. ಗಿಣಿ ನೋಡು, ಬೆಕ್ಕು ನೋಡು ಎಂದು ಸಾಗಿಸಿದೆ. ಆ ಮಕ್ಕಳು ಅಳು ನಿಲ್ಲಿಸಲು ಹೆಚ್ಚು ದಿನ ತೆಗೆದುಕೊಂಡವು. ಅಡುಗೆಯ ಸಹಾಯಕಿ, ಮಳೆ ಜಾಸ್ತಿ ಆಗ್ಯಾದ ಟೀಚರ್, ಅದಕ್ಕs ಎಂದಳು. ನಾನು ಹೌದೆಂದೆ.

ಆಮೇಲೊಂದು ಮಧ್ಯಾಹ್ನ ಫೋನು ಗುಂಯ್ ಎಂದಿತು. ಪರದೆಯ ಮೇಲೆ ಲೀಲಾ ಎಂದಿತ್ತು. ಖಾಕಿ ಅಂಗಿಯ ಅದೇ ಫೋಟೊ. ತೆರೆಯುವ ಮೊದಲು ನಾನು ಗೋಡೆಗೆ ಒರಗಿ ಕೂತೆ.

‘ದೊಡ್ಡವ್ವ, ನಾ ಅಕ್ಷತಾ. ಅವ್ವನ ಫೋನ್ ನನಗ ಕೊಟ್ಟಾರ.’

ಹಾಗೆ ನಮ್ಮ ಮಾತು ಶುರುವಾಯಿತು. ಮನೆಗೆ ಹೋಗುವಂತಿರಲಿಲ್ಲ, ಆದರೆ ಅಜ್ಜಿಗೆ ಕಾಣದ ಈ ಕಿಟಕಿ ತೆರೆದಿತ್ತು. ಏನುಂಡಿ, ಗಣಿತ ಹ್ಯಾಂಗದ, ತಲೆಗೆ ಎಣ್ಣಿ ಹಚಗೊಂಡಿಯೇನು. ಹುಡುಗಿ ಒಂದೊಂದೇ ಮಾತಿನಲ್ಲಿ ಉತ್ತರ ಬರೆಯುತ್ತಿದ್ದಳು. ಆಮೇಲೆ ಎರಡು ಮಾತು. ಆಮೇಲೆ ಸಾಲುಗಟ್ಟಿ. ಪ್ರತಿ ಸಲವೂ ಲೀಲಾ ಎಂಬ ಹೆಸರಿನಿಂದ ಬರುತ್ತಿತ್ತು. ಹೆಸರು ಬದಲಿಸುವುದು ನನಗೆ ಗೊತ್ತಿತ್ತು. ಬದಲಿಸಲಿಲ್ಲ.

ಒಂದು ದಿನ ಅವಳು ತನ್ನ ವಿಜ್ಞಾನದ ಟೀಚರಿನ ಬಗ್ಗೆ ಏನೋ ತಮಾಷೆ ಹೇಳುತ್ತಿದ್ದಳು. ತಾಯಿಯ ಹಾಗೆಯೇ, ನಡುವೆ ಅವರಿವರ ದನಿ ತೆಗೆದು. ತಾಯಿ ಹೋದ ಮೇಲೆ ಮೊದಲ ಸಲ ಅಷ್ಟುದ್ದ ಬರೆದದ್ದು. ಅರ್ಧಕ್ಕೆ ನಿಂತಿತು. ಕೆಳಗೆ ಮೂರಕ್ಷರ ಬಂತು.

ಲೀಲಾ: ಬಿಆರ್‌ಬಿ.

ಇಷ್ಟು ವರ್ಷ ಆ ಹೆಸರು, ಆ ಮಾತು ಒಟ್ಟಿಗೆ ಬಂದರೆ ಏನಾಗುತ್ತಿತ್ತೋ ಅದೇ ಆಯಿತು. ನಾನು ಕಾದೆ. ಯಡ್ರಾಮಿ ಮುಟ್ಟುವ ಹೊತ್ತಿನವರೆಗೆ ಕಾಯಬೇಕು ಎಂದು ಮನಸ್ಸು ತಾನೇ ಎಣಿಸತೊಡಗಿತು. ಅದು ತಿಳಿದಾಗ ಅಂಜಿಕೆ ಬಂತು. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಬರೆದುಬಿಟ್ಟೆ. ‘ಆ ಶಬ್ದ ಇನ್ನೊಮ್ಮೆ ಬರೀಬ್ಯಾಡ.’

ಎರಡು ನೀಲಿ ಗೆರೆ ಬಂದವು. ಓದಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಒಂದೇ ಸಾಲು ಬಂತು. ‘ಅದು ಅವ್ವಗ ನಾನೇ ಕಲಿಸಿದ್ದು.’ ಅದಾದ ಮೇಲೆ ಏನೂ ಬರಲಿಲ್ಲ. ಮರುದಿನ ಬರಲಿಲ್ಲ. ಒಂಬತ್ತು ದಿನ ಬರಲಿಲ್ಲ. ನಾನು ಉಂಡಿಯೇನು, ಸಿಟ್ಟಾದಿಯೇನು ಎಂದು ಬರೆದದ್ದಕ್ಕೆಲ್ಲ ನೀಲಿ ಗೆರೆ ಮಾತ್ರ.

ಆ ಒಂಬತ್ತು ದಿನದಲ್ಲಿ ನನಗೆ ತಿಳಿದದ್ದನ್ನು ನಿಮಗೆ ಹೇಳಲು ಸಂಕೋಚವಾಗುತ್ತದೆ, ಏಕೆಂದರೆ ಅದು ಅಷ್ಟು ಸರಳ. ಗುರುಬಾಯಿ ಅವ್ವನನ್ನು ನಾನು ಮನಸ್ಸಿನಲ್ಲಿ ಸಾಕಷ್ಟು ಬೈದಿದ್ದೆ. ಹಳೆಯ ಕಾಲದ ಮುದುಕಿ, ಒಂದು ಮಾತಿಗೆ ಅಷ್ಟು ಅಂಜುವುದೇ, ಬಾಯಿತಪ್ಪಿ ಬಂದದ್ದಕ್ಕೆ ಬಾಗಿಲು ಮುಚ್ಚುವುದೇ ಎಂದು. ಖೈರುನ್ ಆಪಾನ ಮುಂದೆ ಅತ್ತು ದೂರಿದ್ದೆ. ಈಗ ನಾನು ಮಾಡಿದ್ದೇನು? ಒಂದು ಮಗು ನಡುವೆ ಎದ್ದು ಹೋಗುವಾಗ ಈಗ ಬಂದೆ ಎಂದಿತು. ನಾನು ಅದರ ಬಾಯಿ ಮುಚ್ಚಿದೆ. ತಾಯಿಗೂ ಮಗಳಿಗೂ ನಡುವೆ ಇದ್ದ ಒಂದು ಮಾತನ್ನು ಕಸಿದುಕೊಂಡೆ. ಮುದುಕಿಗೆ ಕಟ್ಟಳೆಯಾದರೂ ಇತ್ತು. ನನಗೆ ಅದೂ ಇರಲಿಲ್ಲ.

ಆಪಾಗೆ ಹೇಳಿದೆ. ಆಪಾ ಕುಂಬಳಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ಇಲ್ಲಿ ಕುಂತು ಫೋನ್ ನೋಡಿದ್ರ ಏನಾಗ್ತದ? ಬಸ್ಸು ಬಂದ್ ಆಗ್ಯಾವೇನು?”

ಭಾನುವಾರ ಬೆಳಿಗ್ಗೆ ಹೊರಟೆ. ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿ ಮುಟ್ಟಿದಾಗ ಬಿಸಿಲು ಏರಿತ್ತು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಗುರುಬಾಯಿ ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಬಾಗಿಲಲ್ಲಿ ನೆರಳು ಬಿದ್ದಾಗ ಕಣ್ಣು ಕಿರಿದು ಮಾಡಿ ನೋಡಿದಳು.

“ಯಾರು?”

“ನಾನ್ರಿ ಅವ್ವಾರೆ, ಜಗದೇವಿ. ಆಳಂದದಿಂದ.”

“ಆಳಂದದಾಗ ಇನ್ನೆಷ್ಟು ಜಗದೇವ್ಯಾರು ಅದಾರ? ಗೊತ್ತಾತು. ಚಪ್ಪಲಿ ಬಿಸಲಾಗ ಬಿಡಬ್ಯಾಡ, ಕಾಯ್ತಾವ. ಒಳಗ ಬಿಡು.”

ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಎದುರಿಗೆ ಕೂತು, ರಾಶಿಯಿಂದ ಒಂದು ಹಿಡಿ ಜೋಳ ನನ್ನ ಕಡೆ ಎಳೆದುಕೊಂಡು ನಾನೂ ಕಲ್ಲು, ಹಳ್ಳು ಆರಿಸತೊಡಗಿದೆ.

“ಹಳ್ಳು ಕಾಣ್ತಾವೇನು ನಿನಗ?”

“ಚಷ್ಮಾ ಅದ್ರಿ.”

“ಚಷ್ಮಾ ಇದ್ದವರು ಮಾತೂ ಆರಿಸಿ ಆಡಬೇಕು.”

“ತಪ್ಪಾತ್ರಿ ಅವ್ವಾರೆ. ರೂಢಿಲೆ ಬಾಯಿಗಿ ಬಂತು.”

“ನನಗೇನು ತಿಳಿಯೂದಿಲ್ಲಂತ ಮಾಡಿಯೇನು?”

ನಾನು ಆರಿಸಿಟ್ಟ ಜೋಳವನ್ನು ಅವಳು ಮತ್ತೊಮ್ಮೆ ಮೊರಕ್ಕೆ ಹಾಕಿ ಕೇರಿದಳು. ನನ್ನ ಚಷ್ಮಾದ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಆಮೇಲೆ ಮೊರ ಕೆಳಗಿಟ್ಟು, ಬಾಗಿಲ ಕಡೆ ನೋಡುತ್ತ ಹೇಳಿದಳು.

“ನಿನ್ನ ತಂಗಿ ದಿನಾ ಡ್ಯೂಟಿಗಿ ಹೊಂಟಾಗ ಆ ಕಟ್ಟಿ ಮ್ಯಾಲ ನಿಂತು, ಬೂಟು ಹಾಕ್ಕೋತ, ಬರ್ತೇನ್ರಿ ಅತ್ತಿ ಅಂತಿದ್ದಳು. ನಾ ಒಳಗ ಎಲ್ಲ್ಯಾರ ಇರ್ಲಿ. ನಾ ಹ್ಞೂಂ ಅನ್ನೋತನಕ ಇಳೀತಿದ್ದಿಲ್ಲ. ಗಾಡಿ ತಪ್ಪಿದ್ರೂ ಇಳೀತಿದ್ದಿಲ್ಲ. ಅವತ್ತು ದವಾಖಾನಿಗಿ ಒಯ್ಯಾಗ ಅಕಿಗಿ ಉಸುರು ಎಲ್ಲಿತ್ತು? ಆಟೋದಾಗ ಕುಂದ್ರಿಸಿದ್ರು. ಕೈ ಎತ್ತಿದಳು ಅಷ್ಟೇ. ನಾನಾದ್ರೂ ಬರ್ತಿಯಲ್ಲಾ ಅಂತ ಕೇಳಬೇಕಾಗಿತ್ತು. ಕೇಳಲಿಲ್ಲ. ಚಾದರ ತರಲಾಕ ಒಳಗ ಬಂದೆ, ಅಷ್ಟ್ರಾಗ ಆಟೋ ಹೋತು.”

ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

“ಹೇಳಬೇಕಾದಾಕಿ ಹೇಳದs ಹ್ವಾದಳು. ಮಣ್ಣು ಮಾಡಿ ಮೂರು ದಿನ ಆಗಿತ್ತು. ಅದೇ ಕಟ್ಟಿ ಮ್ಯಾಲ ನಿಂತು ನೀ ಅಂದಿ. ನಿಮ್ಮಿಬ್ಬರದೂ ದನಿ ಒಂದೇ ಅದ ಬೇ. ಯಾರೂ ಹೇಳಿಲ್ಲೇನು ನಿನಗ?”

ಯಾರೂ ಹೇಳಿರಲಿಲ್ಲ. ನನ್ನ ದನಿ ನನಗೆ ಹೇಗೆ ಕೇಳಬೇಕು? ಪರದೆಯ ಮೇಲೆ ಆ ಹೆಸರು ಕಂಡಾಗ ನನಗೆ ಏನಾಯಿತೋ, ಅದು ಈಕೆಗೆ ಮೂರನೆಯ ದಿನವೇ ಆಗಿತ್ತು. ಅವತ್ತು ಆಕೆ ಬೈದದ್ದು ನನ್ನನ್ನಲ್ಲ. ಅಥವಾ ನನ್ನನ್ನೇ ಬೈದಳು, ಆದರೆ ನನ್ನ ಮುಖ ನೋಡಿ ಅಲ್ಲ. ನಾನು ತಂದಿದ್ದ ಕ್ಷಮೆಯ ಮಾತುಗಳಲ್ಲಿ ಒಂದೂ ಇದಕ್ಕೆ ಹೊಂದುತ್ತಿರಲಿಲ್ಲ. ಜೋಳ ಆರಿಸಿದೆ. ಅವಳೂ ಆರಿಸಿದಳು. ಬರ್ತೇನಿ ಎಂಬ ಮಾತಿನ ಭಾರ ಹೇಳುವವರ ಮೇಲೆ ಇರುವುದಿಲ್ಲ. ಅವರು ಹೇಳಿ ಬಸ್ಸು ಹತ್ತುತ್ತಾರೆ. ಕೇಳಿಸಿಕೊಂಡವರು ಅದನ್ನು ಹಿಡಿದುಕೊಂಡು ಮನೆಯಲ್ಲಿ ಉಳಿಯುತ್ತಾರೆ.

ಅಕ್ಷತಾ ಟ್ಯೂಷನ್ನಿನಿಂದ ಬಂದಳು. ನನ್ನನ್ನು ನೋಡಿ ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು. ಎತ್ತರವಾಗಿದ್ದಳು. ಅಜ್ಜಿ ಮೊರ ನೋಡುತ್ತಲೇ, “ನಿಮ್ಮ ದೊಡ್ಡವ್ವಗ ನೀರು ಕೊಡು. ಆಗಿಂದ ಬಂದು ಕುಂತಾಳ, ಬಾಯಾಗ ನೀರಿಲ್ಲ” ಎಂದಳು.

ನೀರಿಗೆ ಅಡುಗೆಮನೆಗೆ ಹೋದವಳ ಹಿಂದೆಯೇ ನಾನೂ ಹೋದೆ.

“ನಿನಗ ಏನು ಬೇಕೋ ಅದು ಬರಿ ಅಕ್ಷತಾ. ನಾ ಹಾಂಗ ಅನಬಾರದಾಗಿತ್ತು.”

“ನೀವು ಅಂಜ್ತೀರಿ ದೊಡ್ಡವ್ವ.”

“ಅಂಜ್ತೇನಿ. ಅಂಜಿಕಿ ನಂದು. ಶಬ್ದ ನಿಂದು.”

ಅವಳು ತಂಬಿಗೆಯನ್ನು ಕೊಡದೆ ಹಿಡಿದುಕೊಂಡೇ ನನ್ನ ಭುಜಕ್ಕೆ ಹಣೆ ಒತ್ತಿದಳು. ತಂಬಿಗೆಯ ನೀರು ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿತು. ಇಬ್ಬರೂ ಅದನ್ನು ಗಮನಿಸಿದ ಹಾಗೆ ಮಾಡಲಿಲ್ಲ.

“ಅವ್ವ ಎಲ್ಲಿ ತನಕ ಹೇಳಿದೆ ಅಂತ ಕೇಳ್ತಿದ್ದಳು, ವಾಪಸ್ ಬಂದ ಮ್ಯಾಲ” ಎಂದಳು.

“ನನಗೂ ಕೇಳ್ತಿದ್ದಳು.”

“ನಮ್ಮ ಸೈನ್ಸ್ ಟೀಚರ್ ತನಕ ಬಂದಿತ್ತು.”

“ಹೇಳು.”

ಅವಳು ಹೇಳಿದಳು. ಅಷ್ಟೇನೂ ದೊಡ್ಡ ತಮಾಷೆಯಲ್ಲ. ಪಡಸಾಲೆಯಿಂದ ಅಜ್ಜಿ, ನೀರು ತರ್ಲಾಕ ಬಾವಿ ತೋಡಾಕತ್ತೀರೇನು ಎಂದು ಕೇಳಿದಳು.

ಉಂಡು, ಹೊತ್ತು ಇಳಿಯುವ ಮೊದಲೇ ಹೊರಟೆ. ಈ ಸಲ ಎಚ್ಚರ. ತುಟಿ ಬಿಗಿ ಹಿಡಿದು, ಯಾರ ಕಡೆಯೂ ನೋಡದೆ ಚಪ್ಪಲಿ ಮೆಟ್ಟಿದೆ. ವರ್ಷ ತುಂಬಿರಲಿಲ್ಲ. ಆ ಮನೆ ಇನ್ನೂ ಯಾವ ಲೆಕ್ಕದಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ, ಕೇಳುವಂತೆಯೂ ಇರಲಿಲ್ಲ. ಗುರುಬಾಯಿ ಅವ್ವನೂ ಏನೂ ಅನ್ನಲಿಲ್ಲ. ಹೋಗಿ ಬಾ ಎನ್ನಲಿಲ್ಲ. ಒಳಗೆ ಹೋದಳು. ನಾನು ಅಂಗಳ ದಾಟುವಷ್ಟರಲ್ಲಿ ಒಂದು ಸ್ಟೀಲಿನ ಡಬ್ಬಿ ಹಿಡಿದು ಹೊರಗೆ ಬಂದಳು. ನನ್ನ ಕೈಗೆ ಇಟ್ಟಳು.

“ಶೇಂಗಾ ಹಿಂಡಿ. ಮುಚ್ಚಳ ಸಡಲ ಅದ, ಅಡ್ಡ ಹಿಡೀಬ್ಯಾಡ.”

ಅಷ್ಟೇ ಹೇಳಿ ತಿರುಗಿ ನಡೆದಳು. ನಾನು ಡಬ್ಬಿ ಹಿಡಿದು ಬೀದಿಯಲ್ಲಿ ನಿಂತೆ. ಸಾವಿನ ಮನೆಯಿಂದ ಏನನ್ನೂ ತರಬಾರದು ಎಂಬುದು ನನ್ನಂಥವಳಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಕೊಟ್ಟಳೆಂದರೆ ಅದು ಸಾವಿನ ಮನೆಯಲ್ಲ. ಇನ್ನೊಂದು ಮಾತೂ ಇದೆ. ಅದನ್ನು ಯಾವ ಊರಿನ ಹೆಂಗಸೂ ಬಾಯಿಬಿಟ್ಟು ಹೇಳುವುದಿಲ್ಲ. ಡಬ್ಬಿಯನ್ನು ಇಟ್ಟುಕೊಳ್ಳುವಂತಿಲ್ಲ, ಖಾಲಿ ತಿರುಗಿಸುವಂತೆಯೂ ಇಲ್ಲ.

ಡಬ್ಬಿಯ ತಳದಲ್ಲಷ್ಟೇ ಇದ್ದ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ನಾಲ್ಕು ದಿನಕ್ಕೆ ಮುಗಿಯಿತು. ಅರ್ಧ ಖೈರುನ್ ಆಪಾನೇ ತಿಂದಳು. ಈಗ ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದೇನೆ. ಅದರಲ್ಲಿ ಏನು ತುಂಬಬೇಕು ಎಂಬುದೇ ಈ ವಾರದ ಯೋಚನೆ. ಕರಿದದ್ದು ಮಾಡಿದರೆ ಅವ್ವಗೆ ಹಲ್ಲಿಲ್ಲ. ಮೆತ್ತಗಿನದು ಮಾಡಿದರೆ ಬಸ್ಸಿನ ಸೆಕೆಗೆ ಕೆಡುತ್ತದೆ. ಕೊನೆಗೆ ಹುರಿಗಡಲೆ ಹಿಟ್ಟಿಗೆ ಬೆಲ್ಲ, ತುಪ್ಪ ಹಾಕಿ ಮೆದುವಾಗಿ ಉಂಡಿ ಕಟ್ಟುವುದು ಎಂದು ಗಟ್ಟಿಯಾಯಿತು. ಆದರೆ ಡಬ್ಬಿ ಬಹಳ ದೊಡ್ಡದು. ಒಂದು ಸಲಕ್ಕೆ ತುಂಬುವ ಹಾಗೆ ಕಾಣುವುದಿಲ್ಲ, ಎರಡು ಮೂರು ಸಲ ಹೋಗಿ ಬರಬೇಕಾದೀತು. ಹಿಂಡಿ ಕೊಡುವವರು ಇಷ್ಟು ದೊಡ್ಡ ಡಬ್ಬಿ ಕೊಡುತ್ತಾರೆಯೇ? ಮುದುಕಿ ನೋಡಿಯೇ ಕೊಟ್ಟಿರಬೇಕು.